ಎರಡನೆಯ ಸಾಕ್ಷಿ

ಮನೆ, ಊಟದ ಮೇಜು
ಮಾರ್ಚ್ ೧೧, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ

ಪ್ರೀತಿಯ ಡಾಕ್ಟರೇ,

ನಿನ್ನ ಮೇಷ್ಟ್ರು ಕ್ಷೇಮ. ನಿನ್ನ ಕತ್ತು, ಗಂಟಲು, ಬಲಗೈ, ಈ ಮೂರರ ಕ್ಷೇಮವನ್ನೂ ಅವನು ಬೇರೆಬೇರೆಯಾಗಿ ತಿಳಿಯಬಯಸುತ್ತಾನೆ. ಒಟ್ಟಾರೆಯಾಗಿ ‘ಪರವಾಗಿಲ್ಲ’ ಎಂಬ ಉತ್ತರವನ್ನು ಮೂವತ್ತಾರು ವರ್ಷಗಳ ಮೇಷ್ಟ್ರಗಿರಿಯಲ್ಲಿ ನಾನು ಯಾವ ಮಗುವಿನಿಂದಲೂ ಒಪ್ಪಿಕೊಂಡವನಲ್ಲ. ನಿನ್ನ ತಂಗಿ ಫೋನಿನಲ್ಲಿ ಕಳಿಸುವ ಎರಡು ಸಾಲಿನ ಸಂದೇಶಗಳಿಂದ ನನಗೆ ತಿಳಿಯುವುದು ಇಷ್ಟೇ: ಅಕ್ಕ ಊಟ ಮಾಡಿದಳು, ಅಕ್ಕ ಮಲಗಿದಳು. ಕತ್ತಿನ ಪಟ್ಟಿಯನ್ನು ದಿನಕ್ಕೆ ಎಷ್ಟು ಹೊತ್ತು ಬಿಚ್ಚಿಡಬಹುದೆಂದು ವೈದ್ಯರು ಹೇಳಿದ್ದಾರೆ? ಕೈಗೆ ಹೋಗುವ ಕತ್ತಿನ ನರಕ್ಕೆಂದು ಗಂಟಲಿನ ಕಡೆಯಿಂದ ಶಸ್ತ್ರಚಿಕಿತ್ಸೆ ಮಾಡಿದ್ದರಿಂದ ಇಳಿದುಹೋದ ದನಿ ಪಿಸುಮಾತಿಗಿಂತ ಮೇಲಕ್ಕೆ ಬಂದಿದೆಯೇ? ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಬಿಸಿ ಯಾವುದು, ತಣ್ಣಗಿರುವುದು ಯಾವುದು ಎಂದು ಗೊತ್ತಾಗುತ್ತಿದೆಯೇ? ಈ ಪತ್ರದ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಅದರಲ್ಲಿ ಹನ್ನೆರಡು ಪ್ರಶ್ನೆಗಳಿವೆ. ಪ್ರತಿಯೊಂದರ ಮುಂದೆ ಹೌದು, ಇಲ್ಲ ಎಂಬ ಎರಡು ಮನೆಗಳನ್ನು ಗೆರೆ ಹಾಕಿ ಕೊಟ್ಟಿದ್ದೇನೆ. ಗುರುತು ಮಾಡಿದರೆ ಸಾಕು, ಅದಕ್ಕೆ ಎಡಗೈ ಧಾರಾಳವಾಗಿ ಸಾಲುತ್ತದೆ. ನಗಬೇಡ, ನಕ್ಕರೆ ಕತ್ತು ನೋಯುತ್ತದೆ.

ಮನೆ ಶಿಸ್ತಾಗಿದೆ, ಬೇಸರ ಬರುವಷ್ಟು ಶಿಸ್ತಾಗಿದೆ. ಪತ್ರಿಕೆಯ ಒಳಹಾಳೆಯನ್ನು ತಲೆಕೆಳಗಾಗಿ ಮಡಚಿಡುವವರಿಲ್ಲ. ಕನ್ನಡಕವನ್ನು ಸಕ್ಕರೆ ಡಬ್ಬದ ಮೇಲೆ ಬಿಟ್ಟು ಊರೆಲ್ಲ ಹುಡುಕುವವರಿಲ್ಲ. ಮಧ್ಯಾಹ್ನ ಒಂದೂವರೆಗೆ ನೀನು ಊಟಕ್ಕೆ ಬಂದಾಗ ಗೇಟಿನ ಚಿಲಕ ಎರಡು ಸಲ ಸದ್ದು ಮಾಡುತ್ತಿತ್ತಲ್ಲ, ಒಂದು ತೆಗೆಯುವಾಗ, ಇನ್ನೊಂದು ನೀನು ಸರಿಯಾಗಿ ಹಾಕದೆ ನಾನು ಹೋಗಿ ಹಾಕುವಾಗ. ಈಗ ಆ ಹೊತ್ತಿಗೆ ನಾನೇ ಒಮ್ಮೆ ಎದ್ದು ಹೋಗಿ ಚಿಲಕ ನೋಡಿ ಬರುತ್ತೇನೆ. ಅದು ಹಾಕಿಯೇ ಇರುತ್ತದೆ. ಅಡುಗೆಯ ಅಳತೆ ಮಾತ್ರ ಇನ್ನೂ ಕೈಗೆ ಕೂತಿಲ್ಲ, ಒಬ್ಬನಿಗೆಂದು ಮಾಡಿದ್ದು ಒಂದೂವರೆ ಜನಕ್ಕಾಗುತ್ತದೆ.

ಈಗ ವಿಷಯಕ್ಕೆ ಬರುತ್ತೇನೆ. ಮೂರು ತಿಂಗಳಿಂದ ನಮ್ಮಿಬ್ಬರ ನಡುವೆ ಒಂದು ಕಾಗದವಿದೆ. ಅದನ್ನು ಕುರಿತು ನೀನು ಕೇಳಲಿಲ್ಲ, ನಾನು ಹೇಳಲಿಲ್ಲ. ಇಂದು ನನ್ನ ಕಡೆಯಿಂದ ನಡೆದುದನ್ನೆಲ್ಲ ಕ್ರಮವಾಗಿ ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ, ಬೇಸರಿಸಬೇಡ. ಮೊದಲಿನಿಂದ ಹೇಳದೆ ನನಗೆ ಯಾವ ಪಾಠವೂ ಮುಂದಕ್ಕೆ ಹೋಗುವುದಿಲ್ಲ.

ಡಿಸೆಂಬರ್ ಒಂಬತ್ತರಂದು, ಶಸ್ತ್ರಚಿಕಿತ್ಸೆಗೆಂದು ನೀನು ತಂಗಿಯ ಊರಿಗೆ ಹೊರಡುವ ಹಿಂದಿನ ದಿನ, ವಕೀಲನ ಕಚೇರಿಗೆ ಹೋದೆವು. ಅವನು ನಾಲ್ಕನೆಯ ತರಗತಿಯಲ್ಲಿ ನನ್ನ ಕೈಕೆಳಗೆ ಕಲಿತವನು. ಎದುರಿಗೆ ಎಂಥ ಕಕ್ಷಿದಾರ ಕೂತಿದ್ದರೂ ನಾನು ಒಳಗೆ ಬಂದರೆ ಈಗಲೂ ಎದ್ದು ನಿಲ್ಲುತ್ತಾನೆ. ‘ಕ್ಲಿನಿಕ್ಕಿನ ಪವರ್ ಆಫ್ ಅಟಾರ್ನಿ ಮಾಡಿಸ್ಬೇಕು, ನೀವೂ ಬನ್ನಿ’ ಎಂದಷ್ಟೇ ನೀನು ಹೇಳಿದ್ದೆ. ನಾನು ಪೆನ್ನಿಗೆ ಶಾಯಿ ತುಂಬಿಸಿ, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಿದ್ದೆ. ಅವನು ಕಾಗದವನ್ನು ಗಟ್ಟಿಯಾಗಿ ಓದಿದ. ಮಾಲೀಕಳಾದ ದಂತವೈದ್ಯೆ ಕೆಲಸ ಮಾಡಲಾಗದಷ್ಟು ಕಾಲ ಕ್ಲಿನಿಕ್ಕಿನ ಪರವಾನಗಿ ನವೀಕರಿಸುವ, ಬಾಡಿಗೆ ಕರಾರಿಗೆ ಸಹಿ ಹಾಕುವ, ವೈದ್ಯರನ್ನು ನೇಮಿಸುವ, ಅಗತ್ಯಬಿದ್ದರೆ ಕ್ಲಿನಿಕ್ಕನ್ನೇ ಬೇರೆಯವರಿಗೆ ವಹಿಸಿಕೊಡುವ ಅಥವಾ ಮುಚ್ಚುವ ಅಧಿಕಾರ. ‘ಚಿಕಿತ್ಸೆ ಮಾಡೋ ಅಧಿಕಾರ ಒಂದನ್ನ ಮಾತ್ರ ಯಾರಿಗೂ ಬರೆದುಕೊಡೋಕಾಗಲ್ಲ ಸರ್, ಅದು ಡಾಕ್ಟರ ಕೈಗೇ ಅಂಟಿಕೊಂಡಿರುತ್ತೆ’ ಎಂದು ಅವನು ನನ್ನ ಕಡೆ ನೋಡಿ ವಿವರಿಸಿದ. ಅಧಿಕಾರ ಯಾರಿಗೆ ಎಂಬ ಸಾಲು ಬಂದಾಗ, ಗಂಡನಾದ ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಅವನು ಓದಿದ್ದು ಸಿಸ್ಟರ್ ಹೆಸರನ್ನು. ಹತ್ತೊಂಬತ್ತು ವರ್ಷಗಳಿಂದ ನಿನ್ನ ಪಕ್ಕದಲ್ಲಿ ನಿಂತು ಉಪಕರಣ ಎತ್ತಿಕೊಡುವ ನಿನ್ನ ಸಹಾಯಕಿಯ ಹೆಸರನ್ನು. ನನಗೆ ಇಟ್ಟಿದ್ದ ಜಾಗ ಕೊನೆಯ ಪುಟದ ಕೆಳಗೆ: ಸಾಕ್ಷಿ ೨.

ಬಲಗೈಯಲ್ಲಿ ಪೆನ್ನು ನಿಲ್ಲದ್ದರಿಂದ ನೀನು ಎಡಗೈಯಲ್ಲಿ ಸಹಿ ಮಾಡಿದೆ. ಮೊದಲನೆಯ ಸಾಕ್ಷಿಯಾಗಿ ನಿನ್ನ ತಂಗಿ ಸಹಿ ಹಾಕಿದಳು. ನಾನು ಪೆನ್ನಿನ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡೆ. ‘ನಾನು ಒಪ್ಪದ ಕಾಗದಕ್ಕೆ ನನ್ನ ಸಾಕ್ಷಿಯಿಲ್ಲ’ ಎಂದೆ. ‘ಸಾಕ್ಷಿ ಅಂದ್ರೆ ಒಪ್ಪಿಗೆ ಅಂತಲ್ಲ ಸರ್, ಅವರು ಸಹಿ ಮಾಡಿದ್ದನ್ನ ಕಣ್ಣಾರೆ ನೋಡಿದೆ ಅಂತ ಅಷ್ಟೇ. ಬೇಕಾದ್ರೆ ನಮ್ಮ ಗುಮಾಸ್ತರನ್ನ ಕರೀತೀನಿ’ ಎಂದು ಆ ಪಾಪದ ಹುಡುಗ ತೊದಲಿದ, ಅವನಿಗೀಗ ಐವತ್ತು. ನೀನು ಬೇಡವೆಂದೆ. ‘ಮೇಷ್ಟ್ರು ಹಾಕಿದ ದಿನವೇ ಈ ಕಾಗದಕ್ಕೆ ಜೀವ. ಅಲ್ಲೀವರೆಗೂ ಅವರ ಹತ್ರಾನೇ ಇರಲಿ’ ಎಂದು ಮಡಚಿ ನನ್ನ ಕೈಗೆ ಕೊಟ್ಟೆ. ಮಾರನೆಯ ದಿನ ಬಸ್ಸು ಹೊರಡುವಾಗ ನೀನು ಕಿಟಕಿಯಿಂದ ‘ಮೂರು ತಿಂಗಳು ಅಷ್ಟೇ’ ಎಂದೆ. ನಾನು ‘ಚೀಲ ಕಾಲ ಹತ್ತಿರ ಇಟ್ಟುಕೋ’ ಎಂದೆ. ಶಸ್ತ್ರಚಿಕಿತ್ಸೆಗೆ ಬಂದು ಒಂದು ವಾರ ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗಲೂ ಆ ಕಾಗದ ನನ್ನ ಚೀಲದಲ್ಲಿಯೇ ಇತ್ತು. ಕ್ಲಿನಿಕ್ಕನ್ನು ನೋಡಿಕೊಳ್ಳುವವರು ಬೇಕಲ್ಲ ಎಂದು ನೆಪ ಹೇಳಿ ಹಿಂದಿರುಗಿದೆ. ನನ್ನನ್ನು ಬಿಟ್ಟು ಸಿಸ್ಟರನ್ನು ಆರಿಸಿದವಳ ಮಂಚದ ಪಕ್ಕ ಎಷ್ಟು ದಿನ ಕೂರಲಿ ಎಂಬ ಬಿಗುಮಾನ ಒಳಗಿತ್ತು. ಇದನ್ನು ಬರೆಯುವಾಗ ನಾಚಿಕೆಯಾಗುತ್ತಿದೆ, ಆದರೂ ಹೊಡೆದುಹಾಕುವುದಿಲ್ಲ.

ಬಂದವನು ಕ್ಲಿನಿಕ್ಕಿನ ಮುಂದಿನ ಮೇಜನ್ನು ಹಿಡಿದೆ. ನನಗೆ ಯಾರೂ ಆ ಕೆಲಸ ಹೇಳಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಹೋಗಿ, ಪ್ಲಾಸ್ಟರಿನ ದವಡೆಯನ್ನು ಮೇಜಿನ ಬಲಕ್ಕೆ ಸರಿಸಿ, ಹೆಸರು ಬರೆಯುವ ಪುಸ್ತಕವನ್ನು ತೆರೆದು, ಹಿಂದಿನ ಪುಟಗಳಲ್ಲಿನ ನಿನ್ನ ಕೋಳಿಕಾಲಿನ ಬರಹವನ್ನು ಒಮ್ಮೆ ನೋಡಿ ಕೂರುತ್ತಿದ್ದೆ. ಒಳಗೆ ಚಿಕ್ಕ ಡಾಕ್ಟರು ಇದ್ದಾರೆ. ನೀನೇ ಎರಡು ವರ್ಷ ಪಕ್ಕದಲ್ಲಿ ನಿಲ್ಲಿಸಿಕೊಂಡು ತಯಾರು ಮಾಡಿದ ಹುಡುಗಿ, ಕೆಲಸ ಬಲ್ಲವಳು. ಆದರೆ ಬಂದವರೆಲ್ಲ ಕೇಳುವುದು ನಿನ್ನನ್ನು. ‘ದೊಡ್ಡ ಡಾಕ್ಟರು ಯಾವಾಗ ಬರ್ತಾರೆ?’ ಸಿಸ್ಟರ್ ಆದರೆ ‘ಸದ್ಯಕ್ಕೆ ಬರಲ್ಲ, ಚಿಕ್ಕ ಡಾಕ್ಟರ ಹತ್ರ ಹೋಗಿ’ ಎಂದುಬಿಡುತ್ತಿದ್ದರು. ನನ್ನ ಬಾಯಿಂದ ಆ ಮಾತು ಹೊರಡಲಿಲ್ಲ. ಮೂರು ತಿಂಗಳು ಎಂದಿದ್ದೆಯಲ್ಲ. ಡಿಸೆಂಬರ್ ಹತ್ತಕ್ಕೆ ಮೂರು ತಿಂಗಳು ಕೂಡಿಸಿದೆ. ಮಾರ್ಚ್ ಹತ್ತು ಬಂತು, ಸೋಮವಾರವೂ ಆಗಿತ್ತು. ಕೇಳಿದವರಿಗೆಲ್ಲ ಆ ದಿನವನ್ನೇ ಬರೆದುಕೊಟ್ಟೆ, ದುಂಡಾದ ಅಕ್ಷರಗಳಲ್ಲಿ, ಕೆಳಗೆ ಗೆರೆ ಎಳೆದು. ಫೆಬ್ರುವರಿಯ ಮಧ್ಯದಲ್ಲಿ ಸಿಸ್ಟರ್ ಪುಸ್ತಕ ತಿರುವಿ ನೋಡಿ, ‘ಮೇಷ್ಟ್ರೇ, ಎಲ್ಲರಿಗೂ ಹತ್ತನೇ ತಾರೀಖೇ ಬರೆದಿದೀರಲ್ಲ, ಅವತ್ತೇನು ಶಾಲೆ ಶುರುವಾಗುತ್ತಾ?’ ಎಂದರು. ‘ಡಾಕ್ಟರು ಕೊಟ್ಟ ಮಾತು ತಪ್ಪುವವರಲ್ಲ’ ಎಂದು ಗದರಿದೆ. ಅವರು ಸುಮ್ಮನೆ ಪುಸ್ತಕ ಮುಚ್ಚಿದರು. ಆ ಹೆಂಗಸು ಸುಮ್ಮನಾಗುವ ರೀತಿ ನಿನಗೆ ಗೊತ್ತು; ಬೈದಿದ್ದರೆ ವಾಸಿಯಿತ್ತು.

ಇಷ್ಟರಲ್ಲಿ ಇನ್ನೊಂದು ತೊಡಕು. ಕ್ಲಿನಿಕ್ಕಿನ ಪರವಾನಗಿ ಈ ತಿಂಗಳ ಮೂವತ್ತೊಂದಕ್ಕೆ ಮುಗಿಯುತ್ತದೆ; ಚಿಕ್ಕ ಡಾಕ್ಟರ ಕರಾರೂ ಅಂದೇ ಮುಗಿಯುತ್ತದೆ. ಎರಡಕ್ಕೂ ಸಹಿ ಹಾಕಬೇಕಾದವಳು ನೀನು, ಅಥವಾ ನೀನು ಅಧಿಕಾರ ಕೊಟ್ಟವರು. ‘ನಂಗೆ ಇಲ್ಲೇ ಇರೋಕೆ ಇಷ್ಟ ಸರ್. ಆದ್ರೆ ಕಾಗದಕ್ಕೆ ಸಹಿ ಹಾಕೋರು ಯಾರು?’ ಎಂದು ಆ ಹುಡುಗಿ ಎರಡು ಸಲ ಕೇಳಿದಳು. ಬೇರೊಂದು ಕಡೆಯಿಂದ ಅವಳಿಗೆ ಕರೆ ಬಂದಿದೆಯಂತೆ. ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎನ್ನುತ್ತಾರಲ್ಲ, ಹಾಗಾಯಿತು. ನಡೆಸಬಲ್ಲ ಸಿಸ್ಟರ್ ಬಳಿ ಅಧಿಕಾರವಿಲ್ಲ. ಅಧಿಕಾರದ ಕಾಗದ ನನ್ನ ಮೇಜಿನ ಖಾನೆಯಲ್ಲಿ, ನಡೆಸಲು ಬಾರದ ನನ್ನ ಬಳಿ.

ನಿನ್ನೆ ಮಾರ್ಚ್ ಹತ್ತು. ಬೆಳಿಗ್ಗೆ ಒಂಬತ್ತಕ್ಕೆ ನಾನು ಹೋದಾಗ ಬಾಗಿಲ ಮುಂದೆ ಆಗಲೇ ಒಂಬತ್ತು ಜನರಿದ್ದರು. ಹತ್ತು ಗಂಟೆಯ ಹೊತ್ತಿಗೆ ಇಪ್ಪತ್ತೇಳು. ಕುರ್ಚಿಗಳು ತುಂಬಿ, ಕಿಟಕಿಯ ಕಟ್ಟೆ ತುಂಬಿ, ಮೆಟ್ಟಿಲುಗಳ ಮೇಲೂ ಕೂತಿದ್ದರು. ಏನು ಮಾಡಬೇಕೆಂದು ತೋಚದೆ ನಾನು ಪುಸ್ತಕ ತೆರೆದು ಹಾಜರಿ ಕರೆದೆ. ನಗಬೇಡವೆಂದು ಮೊದಲೇ ಹೇಳಿದ್ದೇನೆ. ಎಲ್ಲರೂ ಹಾಜರು, ಒಬ್ಬರೂ ಗೈರುಹಾಜರಿಲ್ಲ. ಶಾಲೆಯಲ್ಲಿ ಕೂಡ ನನಗೆ ಅಂಥ ದಿನ ಸಿಕ್ಕಿರಲಿಲ್ಲ. ಆಮೇಲೆ ಬಸ್ ಡ್ರೈವರಣ್ಣ ಎದ್ದ. ನಿವೃತ್ತನಾದ ಮೇಲೆ ಹಲ್ಲಿನ ಸೆಟ್ ಮಾಡಿಸಲು ಬಂದು, ಮೇಲಿನದು ಮುಗಿದು, ಕೆಳಗಿನದು ನಿನ್ನ ಕೈಯಲ್ಲಿ ಅರ್ಧಕ್ಕೆ ನಿಂತಿತ್ತಲ್ಲ, ಅವನು. ‘ಮೇಷ್ಟ್ರೇ, ಮೂರು ತಿಂಗಳಿಂದ ಅರ್ಧ ಬಾಯಲ್ಲಿ ಬದುಕ್ತಿದೀನಿ. ಡಾಕ್ಟರಮ್ಮ ಯಾವ ಬಸ್ಸಲ್ಲಿ ಬರ್ತಾರೆ ಹೇಳಿಬಿಡಿ, ನಾನೇ ಹೋಗಿ ಇಳಿಸ್ಕೊಂಡು ಬರ್ತೀನಿ’ ಎಂದ. ತಮಾಷೆಗೆ ಹೇಳಿದ್ದಲ್ಲ. ಅವನು ತೊಳೆದ ಅಂಗಿ ಹಾಕಿಕೊಂಡು ಬಂದಿದ್ದ.

ಆಗ ನಾನು ಎದ್ದು ನಿಂತೆ. ‘ಡಾಕ್ಟರು ಇಂದು ಬರುವುದಿಲ್ಲ. ಯಾವಾಗ ಬರುತ್ತಾರೆಂದು ನನಗೆ ಗೊತ್ತಿಲ್ಲ. ಈ ತಾರೀಖನ್ನು ನಿಮಗೆ ಕೊಟ್ಟವನು ನಾನು, ಅವರಲ್ಲ’ ಎಂದೆ. ಇಪ್ಪತ್ತೇಳು ಜನ ನನ್ನನ್ನೇ ನೋಡಿದರು. ಯಾರೂ ಬೈಯಲಿಲ್ಲ. ಯಾರೂ ಏಳಲೂ ಇಲ್ಲ. ಚಿಕ್ಕ ಡಾಕ್ಟರು ಬಾಗಿಲಲ್ಲಿ ಬಂದು ನಿಂತು ಮೊದಲು ಯಾರು ಬರುತ್ತೀರಿ ಎಂದು ಕೇಳಿದರೆ ಎಲ್ಲರೂ ತಮ್ಮ ತಮ್ಮ ಚಪ್ಪಲಿ ನೋಡಿಕೊಂಡರು. ನಾನು ‘ಹೋಗಿ, ಹೋಗಿ, ಅವರೂ ಒಳ್ಳೆಯ ಡಾಕ್ಟರೇ’ ಎಂದು ಕೈಯಾಡಿಸಿದೆ. ಆಗ ಮೂಲೆಯಲ್ಲಿದ್ದ ಹೊಲಿಗೆಯಮ್ಮ, ಬಾಯಲ್ಲಿ ಸೂಜಿ ಕಚ್ಚಿ ಕಚ್ಚಿ ಮುಂದಿನ ಹಲ್ಲು ಸವೆಸಿಕೊಂಡವರು, ‘ನೀವು ಹೋಗಿದ್ರಾ ಮೇಷ್ಟ್ರೇ?’ ಎಂದರು. ‘ನಾನು ಬಂದಾಗೆಲ್ಲ ನೋಡ್ತೀನಿ, ಎಡಗೆನ್ನೆ ಹಿಡ್ಕೊಂಡೇ ಕೂತಿರ್ತೀರಿ. ನಮಗೆ ಮಾತ್ರ ಒಳಗೆ ದಾರಿ ತೋರಿಸ್ತೀರಿ.’ ಇಡೀ ಕೋಣೆ ನಕ್ಕಿತು.

ಇದನ್ನು ನಿನ್ನಿಂದ ಮುಚ್ಚಿಟ್ಟಿದ್ದೆ. ಜನವರಿಯಿಂದ ಎಡಗಡೆಯ ಕೆಳದವಡೆಯ ಹಲ್ಲು ನೋಯುತ್ತಿತ್ತು. ಮೂವತ್ತೊಂದು ವರ್ಷಗಳಿಂದ ನಿನ್ನ ಕೈ ಬಿಟ್ಟು ಬೇರೆ ಕೈ ಕಾಣದ ಬಾಯಿ ಇದು. ಮಾರ್ಚ್ ಹತ್ತರವರೆಗೆ ತಡೆದುಕೊಂಡರಾಯಿತು ಎಂದು ಲವಂಗ ಕಚ್ಚಿಕೊಂಡು ಕೂತೆ. ಕೆಲಸ ಮುಗಿಸಿ ಬಂದ ನಿನ್ನ ಕೈಬೆರಳುಗಳಿಗೆ ಇರುತ್ತಿದ್ದುದು ಅದೇ ವಾಸನೆಯಲ್ಲವೇ. ನೋವು ಅಷ್ಟೇನೂ ಕಡಿಮೆಯಾಗುತ್ತಿರಲಿಲ್ಲ. ಆದರೆ ಮಧ್ಯಾಹ್ನ ಕಣ್ಣು ಮುಚ್ಚಿ ಕೂತರೆ ನೀನು ಊಟಕ್ಕೆ ಬಂದಂತಿರುತ್ತಿತ್ತು. ಈ ಕಾರಣಕ್ಕೂ ನಾನು ಚಿಕ್ಕ ಡಾಕ್ಟರಿಗೆ ಹಲ್ಲು ತೋರಿಸಲಿಲ್ಲವೆಂದರೆ ನೀನು ನಂಬಬೇಕು.

ಒಳಗೆ ಹೋಗಿ ಕುರ್ಚಿಯಲ್ಲಿ ಒರಗಿದೆ. ಬಾಗಿಲನ್ನು ತೆರೆದೇ ಇಡಲು ಹೇಳಿದೆ, ಹೊರಗಿನವರಿಗೆ ಕಾಣಲಿ ಎಂದು. ನೀನಾಗಿದ್ದರೆ ‘ಆ ಅನ್ನಿ ಮೇಷ್ಟ್ರೇ, ಹ್ರಸ್ವ ಸಾಲದು, ದೀರ್ಘ’ ಎನ್ನುತ್ತಿದ್ದೆ. ಆ ಹುಡುಗಿ ‘ಬಾಯಿ ತೆಗೀರಿ ಸರ್’ ಎಂದಳು. ಎಕ್ಸ್‌ರೇ ಚಿತ್ರ ತೆಗೆದು, ಕಡ್ಡಿಯಿಂದ ತಟ್ಟಿ ನೋಡಿ, ‘ಎರಡು ತಿಂಗಳ ಮುಂಚೆ ಬಂದಿದ್ರೆ ಉಳಿಸಬಹುದಿತ್ತು ಸರ್’ ಎಂದಳು. ಅವಳು ಹಲ್ಲಿನ ಮಾತನ್ನಷ್ಟೇ ಆಡಿದ್ದು. ಪಕ್ಕದಲ್ಲಿದ್ದ ಸಿಸ್ಟರ್ ಮಾತ್ರ ನನ್ನ ಮುಖ ನೋಡದೆ ತಟ್ಟೆಯಲ್ಲಿನ ಉಪಕರಣಗಳನ್ನು ಸರಿಮಾಡಿದರು. ಕೀಳುವಾಗ ಅವರು ನನ್ನ ಹೆಗಲ ಮೇಲೆ ಕೈಯಿಟ್ಟಿದ್ದರು. ಚುಚ್ಚುಮದ್ದಿನಿಂದ ನೋವು ಗೊತ್ತಾಗಲಿಲ್ಲ, ಎಳೆತ ಮಾತ್ರ ಗೊತ್ತಾಯಿತು. ಆ ಹುಡುಗಿಯ ಕೈ ನಿನ್ನ ಕೈಯ ಹಾಗೆಯೇ ಇದೆ, ಅವಸರವಿಲ್ಲ. ಮಣಿಕಟ್ಟನ್ನು ನನ್ನ ಗಲ್ಲಕ್ಕೆ ಆನಿಸಿ ಹಿಡಿಯುವುದನ್ನೂ ನಿನ್ನಿಂದಲೇ ಕಲಿತಿದ್ದಾಳೆ. ಅದು ತಿಳಿದ ಕೂಡಲೇ ಕಣ್ಣಲ್ಲಿ ನೀರು ಬಂತು. ‘ನೋಯ್ತಾ ಸರ್?’ ಎಂದು ಗಾಬರಿಯಾದಳು. ಬಾಯಿ ತುಂಬ ಉಪಕರಣವಿದ್ದುದರಿಂದ ಉತ್ತರ ಹೇಳುವ ಪ್ರಮೇಯ ಬರಲಿಲ್ಲ.

ಹತ್ತಿ ಕಚ್ಚಿಕೊಂಡು ಮಾತಿಲ್ಲದೆ ಮೇಜಿನ ಬಳಿ ಬಂದು ಕೂತೆ. ಡ್ರೈವರಣ್ಣ ನನ್ನ ಬಾಯಿ ನೋಡಿ, ‘ಮೇಷ್ಟ್ರನ್ನೇ ಸುಮ್ಮನೆ ಕೂರಿಸಿದ್ರಲ್ಲ, ಈ ಡಾಕ್ಟರ ಕೈಗುಣ ದೊಡ್ಡದು’ ಎಂದು ಎದ್ದು ಒಳಗೆ ಹೋದ. ಅವನ ಹಿಂದೆ ಹೊಲಿಗೆಯಮ್ಮ. ಸಂಜೆಯೊಳಗೆ ಹನ್ನೊಂದು ಜನರ ಕೆಲಸವಾಯಿತು. ಉಳಿದವರಿಗೆ ಸಿಸ್ಟರ್ ಹೊಸ ತಾರೀಖುಗಳನ್ನು ಬರೆದರು, ಒಬ್ಬೊಬ್ಬರಿಗೆ ಒಂದೊಂದು ದಿನ. ನಾನು ಮಾತಿಲ್ಲದೆ ಚೀಟಿಗಳ ಮೇಲೆ ಬರೆದು ತೋರಿಸುತ್ತಿದ್ದೆ. ಅರ್ಧ ಗಂಟೆಗೇ ಸಾಕಾಯಿತು. ನಿನಗೆ ಮೂರು ತಿಂಗಳಾಯಿತು.

ಹೊಸ ಮೆತ್ತನೆಯ ಬ್ರಷ್ ಬಳಸಬೇಕೆಂದು ಆ ಹುಡುಗಿ ಹೇಳಿ ಕಳಿಸಿದ್ದಳು. ಮೂರು ತಿಂಗಳಿಗೊಮ್ಮೆ ನನ್ನ ಬ್ರಷ್ ಬದಲಿಸುತ್ತಿದ್ದವಳು ನೀನು. ಹೊಸದು ಎಲ್ಲಿರುತ್ತದೆ ಎಂಬುದೇ ನನಗೆ ಗೊತ್ತಿರಲಿಲ್ಲ. ನಿನ್ನೆ ಸಂಜೆ ನಿನ್ನ ಕಪಾಟಿನಲ್ಲಿ ಹುಡುಕಿದೆ. ಟವೆಲುಗಳ ಹಿಂದೆ ನಾಲ್ಕು ಬ್ರಷ್‌ಗಳು ಸಿಕ್ಕವು. ಪ್ರತಿಯೊಂದಕ್ಕೂ ಬಿಳಿಯ ಪಟ್ಟಿ ಅಂಟಿಸಿ ತಿಂಗಳು ಬರೆದಿದ್ದೆ: ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್. ಮಕ್ಕಳು ಗೋಡೆಯ ಮೇಲೆ ಗೀಚಿದಂತಿದ್ದ ಎಡಗೈ ಅಕ್ಷರಗಳಲ್ಲಿ. ಒಂದೊಂದನ್ನೇ ಕೈಗೆತ್ತಿಕೊಂಡು ತಿಂಗಳುಗಳನ್ನು ಎಣಿಸಿದೆ, ಇಡೀ ವರ್ಷಕ್ಕಾಗುವಷ್ಟಿದ್ದವು. ಬಸ್ಸಿನ ಕಿಟಕಿಯಿಂದ ಮೂರು ತಿಂಗಳೆಂದು ಹೇಳಿದ್ದು ನನ್ನ ಸಲುವಾಗಿ. ನಿನಗೆ ಮೊದಲೇ ಗೊತ್ತಿತ್ತು.

ಆಮೇಲೆ ಖಾನೆಯಿಂದ ಕಾಗದ ತೆಗೆದು, ಬ್ರಷ್ಷಿನ ಪಕ್ಕದಲ್ಲಿಟ್ಟು, ನಿನ್ನ ಸಹಿ ನೋಡಿದೆ. ಅದೇ ಅಕ್ಷರ. ಈಗ ನಿಜ ಹೇಳುತ್ತೇನೆ. ನನ್ನನ್ನು ಆರಿಸಲಿಲ್ಲವೆಂಬ ಸಿಟ್ಟಿತ್ತು, ಅದು ಸುಳ್ಳಲ್ಲ. ಆದರೆ ಪೆನ್ನಿನ ಮುಚ್ಚಳ ಹಾಕಿದ್ದು ಅದಕ್ಕಲ್ಲ. ಒಂದನೆಯ ತರಗತಿಯ ಮಕ್ಕಳ ಕೈ ಹಿಡಿದು ಅಕ್ಷರ ತಿದ್ದಿಸಿದವನು ನಾನು. ಬರೆದುದನ್ನು ನೋಡಿದರೆ ಕೈ ಎಷ್ಟು ಕಷ್ಟಪಟ್ಟಿದೆ ಎಂದು ನನಗೆ ತಿಳಿಯುತ್ತದೆ. ಇದು ಇವಳ ಸಹಿ, ನಾನು ಕಣ್ಣಾರೆ ಕಂಡೆ ಎಂದು ಅದರ ಕೆಳಗೆ ಬರೆದರೆ, ನಿನ್ನ ಬಲಗೈ ಮುಗಿಯಿತೆಂದು ಒಪ್ಪಿಕೊಂಡಂತಾಗುತ್ತದಲ್ಲ ಎಂದು ಹೆದರಿದೆ. ನೀನು ಸಿಸ್ಟರನ್ನು ಏಕೆ ಆರಿಸಿದೆ ಎಂಬುದೂ ಈಗ ಗೊತ್ತಾಯಿತು. ಇಪ್ಪತ್ತೇಳು ಜನರಿಗೆ ‘ಡಾಕ್ಟರು ಬರುವುದಿಲ್ಲ’ ಎಂದು ಮೂರು ತಿಂಗಳು ಹೇಳಲಾಗದವನು, ಮುಂದೊಂದು ದಿನ ನಿನ್ನ ಕುರ್ಚಿಯನ್ನು ಬೇರೆಯವರಿಗೆ ಬರೆದುಕೊಡಬೇಕಾಗಿ ಬಂದರೆ ಏನು ಮಾಡುತ್ತಿದ್ದ? ಅದನ್ನೂ ಸೋಮವಾರಕ್ಕೆ ಮುಂದೂಡುತ್ತಿದ್ದ.

ಕಾಲಕಾಲಕ್ಕೆ ಔಷಧಿ ತೆಗೆದುಕೋ. ನಿನ್ನ ತಂಗಿಗೆ ನನ್ನ ಆಶೀರ್ವಾದ ತಿಳಿಸು. ಸಂದೇಶಗಳಲ್ಲಿ ಕ್ರಿಯಾಪದದ ಜೊತೆಗೆ ಒಂದಿಷ್ಟು ವಿವರವನ್ನೂ ಸೇರಿಸಬೇಕೆಂದು ಹೇಳು. ಸಿಸ್ಟರ್, ಚಿಕ್ಕ ಡಾಕ್ಟರು, ಡ್ರೈವರಣ್ಣ ಎಲ್ಲರೂ ನಿನ್ನನ್ನು ಕೇಳಿದ್ದಾರೆ. ನಿನ್ನ ಕತ್ತಿಗೂ ಕೈಗೂ ಒಳ್ಳೆಯದಾಗಲಿ ಎಂದು ಹಾರೈಸುವ,

ನಿನ್ನ
ಮೇಷ್ಟ್ರು

ಮರೆತ ಮಾತು: ಅಂಚೆ ಹೊರಡುವ ಹೊತ್ತಾಯಿತು, ಅಕ್ಷರ ಓರೆಯಾದರೆ ಕ್ಷಮಿಸು. ಬೆಳಿಗ್ಗೆ ಎಂಟಕ್ಕೇ ಎರಡನೆಯ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿ, ಇಂದಿನ ತಾರೀಖು ಬರೆದು, ಕಾಗದವನ್ನು ಸಿಸ್ಟರ್ ಕೈಗೆ ಕೊಟ್ಟೆ. ಅವರು ಕೊನೆಯ ಪುಟ ನೋಡಿ, ‘ಹಾಗಾದ್ರೆ ನಾಳೆಯಿಂದ ನೀವು ಏನ್ಮಾಡ್ತೀರಿ ಮೇಷ್ಟ್ರೇ?’ ಎಂದು ಕೇಳಿದರು.  ನಾನು ಮನೆಗೆ ಬಂದು ಇದನ್ನು ಬರೆಯಲು ಕೂತೆ. ನಾಲ್ಕು ಗೆರೆಯ ಕಾಪಿ ಪುಸ್ತಕ ಎರಡು ತೆಗೆದಿಟ್ಟಿದ್ದೇನೆ. ಒಂದು ನಿನ್ನ ಎಡಗೈಗೆ, ಇನ್ನೊಂದು ನನ್ನ ಎಡಗೈಗೆ, ತರಗತಿಯಲ್ಲಿ ಒಬ್ಬಳೇ ಕೂತು ಕಲಿಯುವುದು ಬೇಸರದ ಕೆಲಸ. ಪ್ರಶ್ನೆಗಳ ಹಾಳೆಯ ಕೆಳಗೆ ಈಗ ಹದಿಮೂರನೆಯದನ್ನು ಸೇರಿಸಿದ್ದೇನೆ: ‘ನಾನು ಅಲ್ಲಿಗೆ ಬರಲೇ?’ ಪರೀಕ್ಷೆ ನ್ಯಾಯವಾಗಿರಬೇಕೆಂದು ಅದಕ್ಕೂ ಎರಡು ಮನೆಗಳನ್ನು ಹಾಕಿದ್ದೇನೆ. ಈ ಪತ್ರ ನಿನಗೆ ಶುಕ್ರವಾರ ತಲುಪುತ್ತದೆ. ನನ್ನ ಬಸ್ಸು ಶನಿವಾರ ಬೆಳಿಗ್ಗೆ. ಉತ್ತರದ ಹಾಳೆಯನ್ನು ಅಂಚೆಗೆ ಹಾಕಬೇಡ. ನಾನೇ ಬಂದು ತೆಗೆದುಕೊಳ್ಳುತ್ತೇನೆ.